ಅಮೆರಿಕದ ಕೆರೆಯ ಐಸ್ ಹಡಗೇರಿ ಮದ್ರಾಸಿಗೆ ಬರುತ್ತಿತ್ತಂತೆ! ನಿಜವೇ? ದಾರಿಯಲ್ಲೇ ಕರಗುತ್ತಿರಲಿಲ್ಲವೇ?

ಹೆಪ್ಪುಗಟ್ಟಿದ ಕೆರೆಯ ಮೇಲೆ ಕುದುರೆಗಳು ನೇಗಿಲು ಎಳೆಯುತ್ತಿರುವ ಹಳೆಯ ಕಪ್ಪು-ಬಿಳುಪು ಫೋಟೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಫ್ರಿಜ್ ಇಲ್ಲದ ಕಾಲದಲ್ಲಿ ಅಮೆರಿಕದ ಕೆರೆಗಳಿಂದ ಐಸ್ ಕತ್ತರಿಸಿ, ಕರಗದಿರಲೆಂದು ಉಪ್ಪು ಹಾಕಿ, ಹಡಗಿನಲ್ಲಿ ಭಾರತಕ್ಕೆ ಕಳಿಸುತ್ತಿದ್ದರು ಎಂಬುದು ಅದರ ಜೊತೆಗೆ ಬರುವ ಬರಹದ ಸಾರ. ಕೊನೆಗೊಂದು ಸಾಲು ಸೇರಿರುತ್ತದೆ: ಕೊರೆಯುವ ಚಳಿಗೆ ಕ್ರಿಮಿಗಳೆಲ್ಲ ಸತ್ತಿರುತ್ತಿದ್ದವು, ಆದ್ದರಿಂದ ಆ ಐಸ್ ಇಂದಿನ ಕೆಮಿಕಲ್ ಐಸ್‌ಗಿಂತ ಶುದ್ಧವಾಗಿತ್ತು ಎಂದು.

ಇದನ್ನು ಓದಿದವರಲ್ಲಿ ಅರ್ಧ ಜನ ವಾವ್ ಅನ್ನುತ್ತಾರೆ, ಉಳಿದರ್ಧ ಜನ ನಾಲ್ಕು ತಿಂಗಳ ಹಡಗಿನ ದಾರಿಯಲ್ಲಿ ಐಸ್ ಉಳಿಯುವುದುಂಟೇ, ಶುದ್ಧ ಬುರುಡೆ ಅನ್ನುತ್ತಾರೆ. ಉತ್ತರ ಮೊದಲೇ ಹೇಳಿಬಿಡುತ್ತೇವೆ. ಐಸ್ ಬಂದದ್ದು ನಿಜ. ಉಪ್ಪಿನ ಮಾತು ಸುಳ್ಳು. ಕ್ರಿಮಿ ಸಾಯುವ ಮಾತಂತೂ ಸುಳ್ಳಷ್ಟೇ ಅಲ್ಲ, ಅಪಾಯಕಾರಿ. ಈ ಬೇಸಿಗೆಯಲ್ಲಿ ರಸ್ತೆಬದಿಯ ಕಬ್ಬಿನ ಹಾಲು ಕುಡಿಯುವವರಿಗೂ ಅದು ಸಂಬಂಧಪಟ್ಟ ಮಾತು.

ಯಾರಿಗೆ ಹೊಳೆದ ಉಪಾಯ?

ಬಾಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿಗೆ. 1783ರಲ್ಲಿ ಹುಟ್ಟಿದ ಈತ ಅನುಕೂಲಸ್ಥರ ಮನೆಯ ಹುಡುಗ. ಅಮೆರಿಕದ ಈಶಾನ್ಯ ಭಾಗದಲ್ಲಿ ಚಳಿಗಾಲದಲ್ಲಿ ಕೆರೆಗಳು ಗಟ್ಟಿಯಾಗಿ ಹೆಪ್ಪುಗಟ್ಟುತ್ತವೆ. ಅಲ್ಲಿನ ರೈತರು ಬೇಸಿಗೆಯ ಬಳಕೆಗೆ ಒಂದಿಷ್ಟು ಐಸ್ ಕಡಿದು ನೆಲದ ಗುಂಡಿಯಲ್ಲಿಟ್ಟುಕೊಳ್ಳುವುದು ಹಳೆಯ ರೂಢಿ. ಅದನ್ನೇ ಸೆಖೆಯ ನಾಡುಗಳಿಗೆ ಮಾರಿದರೆ ಹೇಗೆ ಎಂದು ಟ್ಯೂಡರ್ ಯೋಚಿಸಿದ. 1806ರಲ್ಲಿ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪಕ್ಕೆ ಮೊದಲ ಹಡಗು ಹೊರಟಾಗ ಊರಿಗೆ ಊರೇ ನಕ್ಕಿತು. ಐಸ್ ದ್ವೀಪ ತಲುಪಿತು. ಆದರೆ ಅಲ್ಲಿ ಇಳಿಸಿಡಲು ಜಾಗವಿಲ್ಲ, ಕೊಂಡವರಿಗೆ ಅದನ್ನು ಏನು ಮಾಡಬೇಕೆಂದು ಗೊತ್ತಿಲ್ಲ. ಟ್ಯೂಡರ್‌ಗೆ ಭಾರೀ ನಷ್ಟವಾಯಿತು. ಮುಂದಿನ ವರ್ಷಗಳಲ್ಲಿ ಸಾಲ ತೀರಿಸಲಾಗದೆ ಜೈಲಿಗೂ ಹೋಗಿ ಬಂದ. ಆದರೂ ಹಟ ಬಿಡಲಿಲ್ಲ.

ಲೆಕ್ಕ ನೋಡಿದರೆ ಇದು ಹುಚ್ಚು ಸಾಹಸವೇನೂ ಅಲ್ಲ. ಕೆರೆಯ ಐಸಿಗೆ ಬೆಲೆಯಿಲ್ಲ. ಅದನ್ನು ಮುಚ್ಚಲು ಬೇಕಾದ ಮರದ ಹೊಟ್ಟು ಮೇನ್ ಪ್ರಾಂತ್ಯದ ಗರಗಸದ ಮಿಲ್ಲುಗಳಲ್ಲಿ ರಾಶಿ ರಾಶಿ ಬಿದ್ದಿರುತ್ತಿತ್ತು. ಇನ್ನು ಹಡಗು: ಬಾಸ್ಟನ್ನಿನ ವರ್ತಕರು ಭಾರತದಿಂದ ನೀಲಿ, ಚರ್ಮ, ಪೆಟ್ಲುಪ್ಪು ತರುತ್ತಿದ್ದರೇ ಹೊರತು ಇಲ್ಲಿಗೆ ಮಾರಲು ಅವರ ಬಳಿ ಹೆಚ್ಚೇನೂ ಇರಲಿಲ್ಲ. ಹೋಗುವಾಗ ಹಡಗು ತೂಗಾಡದಿರಲಿ ಎಂದು ಕಲ್ಲು ಮಣ್ಣು ತುಂಬುವ ಬದಲು ಐಸ್ ತುಂಬಿದರೆ ಬಾಡಿಗೆಯೂ ಅಗ್ಗ.

ಕೆರೆಯಲ್ಲಿ ಕೊಯ್ಲು

ಅಲ್ಲಿನವರು ಇದನ್ನು ಕೊಯ್ಲು ಎಂದೇ ಕರೆಯುತ್ತಿದ್ದರು. ಕೆಲಸ ನೋಡಿದರೆ ನಮಗೂ ಬೇರೆ ಹೆಸರು ತೋಚುವುದಿಲ್ಲ.

ಮೊದಲು ಕಾಯಬೇಕು. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಅತಿ ಭಾರ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೇ ಉಳಿದು ಅಲ್ಲೇ ಗಡ್ಡೆ ಕಟ್ಟುತ್ತದೆ. ಒಮ್ಮೆ ಪದರ ಕಟ್ಟಿದ ಮೇಲೆ ಅದೇ ಹೊದಿಕೆಯಾಗಿ ಕೆಳಗಿನ ನೀರಿನ ಶಾಖ ಹೊರಹೋಗದಂತೆ ತಡೆಯುವುದರಿಂದ, ದಪ್ಪವಾಗುತ್ತಾ ಹೋದಂತೆ ಬೆಳವಣಿಗೆ ನಿಧಾನವಾಗುತ್ತದೆ. ಪದರದ ದಪ್ಪ ಎರಡು ಪಟ್ಟಾಗಲು ಹೆಚ್ಚುಕಡಿಮೆ ನಾಲ್ಕು ಪಟ್ಟು ಚಳಿ ಬೇಕು. ಮೇಲೆ ಹಿಮ ಬಿದ್ದರಂತೂ ಕಂಬಳಿ ಹೊದಿಸಿದ ಹಾಗೆ. ಆದ್ದರಿಂದ ಹಿಮ ಬಿದ್ದಾಗಲೆಲ್ಲ ಕುದುರೆಗೆ ಹಲಗೆ ಕಟ್ಟಿ ಕೆರೆಯ ಮೇಲೆ ಹಿಮ ಗೋರುವುದೇ ದೊಡ್ಡ ಕೆಲಸ. ಹೊಲದಲ್ಲಿ ಕಳೆ ತೆಗೆದ ಹಾಗೆ ಅನ್ನಿ. ಸುಮಾರು ಒಂದು ಅಡಿ ದಪ್ಪವಾದರೆ ಕೊಯ್ಲಿಗೆ ಸಿದ್ಧ. ದೂರದ ಸೆಖೆ ನಾಡಿಗೆ ಹೋಗುವ ಐಸ್ ಇನ್ನೂ ದಪ್ಪ ಇರಬೇಕು.

ಮೊದಮೊದಲು ಕೊಡಲಿ, ಗರಗಸಗಳಿಂದ ಕೈಯಲ್ಲೇ ಕಡಿಯುತ್ತಿದ್ದರು. ಗಡ್ಡೆಗಳು ಒಂದೊಂದು ಒಂದೊಂದು ಆಕಾರ. 1825ರಲ್ಲಿ ಟ್ಯೂಡರ್ ಜೊತೆ ಕೆಲಸ ಮಾಡುತ್ತಿದ್ದ ನಥಾನಿಯಲ್ ವೈಯತ್ ಎಂಬಾತ ಕುದುರೆ ಎಳೆಯುವ ಐಸ್ ನೇಗಿಲನ್ನು ರೂಪಿಸಿದ. ಬಾಸ್ಟನ್ ಪಕ್ಕದ ಕೇಂಬ್ರಿಡ್ಜ್‌ನ ಫ್ರೆಶ್ ಪಾಂಡ್ ಎಂಬ ಕೆರೆಯಲ್ಲಿ ಇದು ಬಳಕೆಗೆ ಬಂತು. ನಮ್ಮ ಬಯಲುಸೀಮೆಯ ಕೂರಿಗೆಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೂರಿಗೆ ಸಮಾನ ಅಂತರದ ಸಾಲು ಬಿಡಿಸಿದಂತೆ, ಈ ನೇಗಿಲಿನ ಒಂದು ಅಲಗು ಹಿಂದಿನ ಗೀರಿನಲ್ಲಿ ಸಾಗುತ್ತದೆ, ಇನ್ನೊಂದು ಪಕ್ಕದಲ್ಲಿ ಹೊಸ ಗೀರು ಕೊರೆಯುತ್ತದೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಇಡೀ ಕೆರೆ ಚೌಕಾಬಾರದ ಮಣೆಯಂತೆ ಆಗಿಬಿಡುತ್ತದೆ.

ಗೀರನ್ನು ಪೂರ್ತಿ ಕೆಳಗಿನವರೆಗೆ ಕೊರೆಯುವುದಿಲ್ಲ. ಕೊರೆದರೆ ಕುದುರೆಯೂ ಆಳೂ ನೀರಿಗೆ. ಅರ್ಧಕ್ಕಿಂತ ಹೆಚ್ಚು ಕೊರೆದು ನಿಲ್ಲಿಸಿ, ಬಳಿಕ ಗರಗಸ ಮತ್ತು ಹಾರೆಯಿಂದ ಸಾಲುಗಳನ್ನು ಬಿಡಿಸುತ್ತಿದ್ದರು. ಬಿಡಿಸಿದ ತುಂಡುಗಳು ನೀರಿನಲ್ಲಿ ತೇಲುತ್ತವಲ್ಲ, ಹೊರುವ ಕಷ್ಟವಿಲ್ಲ. ಮಾವು ಕೀಳುವ ದೋಟಿಯಂಥ ಉದ್ದನೆಯ ಕೊಕ್ಕೆಗೋಲಿನಿಂದ ತಳ್ಳುತ್ತಾ ದಡದ ಐಸ್ ಮನೆಯವರೆಗೆ ಸಾಗಿಸುವುದು, ಅಲ್ಲಿಂದ ರಾಟೆಗೆ ಕುದುರೆ ಕಟ್ಟಿ ಮೇಲೆಳೆಯುವುದು. ಕಾಲ ಕಳೆದಂತೆ ಆವಿಯಂತ್ರದ ಸರಪಳಿಗಳು ಬಂದವು. ಆಗ ಬಳಕೆಯಲ್ಲಿದ್ದ ಒಂದು ಅಳತೆ 22 ಅಂಗುಲ ಚೌಕ. ಒಂದಡಿ ದಪ್ಪದ ಅಂಥ ಗಡ್ಡೆ ನಾವು ಲೆಕ್ಕ ಹಾಕಿದಂತೆ ಸುಮಾರು 86 ಕಿಲೋ ತೂಗುತ್ತದೆ. ಕಾಲಿನ ಮೇಲೆ ಬಿದ್ದರೆ ಗತಿ ಏನು?

ಅಪಾಯಗಳು ಇನ್ನೂ ಇದ್ದವು. ತೆಳುವಾದ ಕಡೆ ಪದರ ಒಡೆದು ಕುದುರೆಗಳು ನೀರಿಗೆ ಬೀಳುವುದು ಮಾಮೂಲಿಯಾಗಿತ್ತು. ಅದಕ್ಕೆಂದೇ ಕುದುರೆಯ ಕೊರಳಿಗೆ ಮೊದಲೇ ಹಗ್ಗದ ಕುಣಿಕೆ ಹಾಕಿರುತ್ತಿದ್ದರು. ಬಿದ್ದೊಡನೆ ಕುಣಿಕೆ ಬಿಗಿದು ಉಸಿರು ಕಟ್ಟಿಸಿದರೆ ಅದು ಒದ್ದಾಡುವುದು ನಿಂತು ತೇಲುತ್ತಿತ್ತು, ಆಗ ಮೇಲೆಳೆದು ಕುಣಿಕೆ ಸಡಿಲಿಸುತ್ತಿದ್ದರು. ಕ್ರೂರ ಅನ್ನಿಸಿದರೂ ಪ್ರಾಣ ಉಳಿಸುತ್ತಿದ್ದ ಉಪಾಯ. ಕೆರೆಯ ಮೇಲೆ ಬಿದ್ದ ಲದ್ದಿ ಬಳಿಯಲು ಹುಡುಗರನ್ನು ನೇಮಿಸಿಕೊಳ್ಳುತ್ತಿದ್ದರು. ಪರಿಶುದ್ಧ ಐಸ್ ಎಂದು ಫಾರ್ವರ್ಡ್ ಮಾಡುವವರು ಈ ಹುಡುಗರನ್ನೂ ಸ್ವಲ್ಪ ನೆನೆಯಬೇಕು.

1846–47ರ ಚಳಿಗಾಲದಲ್ಲಿ ವಾಲ್ಡನ್ ಎಂಬ ಕೆರೆಗೆ ನೂರು ಮಂದಿ ಐರಿಷ್ ಕೂಲಿಗಳು ಐಸ್ ಕಡಿಯಲು ಬಂದಿದ್ದರು. ಆ ಕೆರೆಯ ದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡು ಬದುಕುತ್ತಿದ್ದ ಲೇಖಕ ಹೆನ್ರಿ ಡೇವಿಡ್ ಥೋರೋ ಇದನ್ನು ತಮ್ಮ ‘ವಾಲ್ಡನ್’ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ತಮ್ಮ ಕೆರೆಯ ನೀರು ಮದ್ರಾಸು, ಬೊಂಬಾಯಿ, ಕಲ್ಕತ್ತೆಗಳ ಜನರ ಬಾಯಾರಿಕೆ ತಣಿಸುವುದನ್ನು ಕಲ್ಪಿಸಿಕೊಂಡಿದ್ದಾರೆ. ಅವರು ಭಗವದ್ಗೀತೆಯ ಓದುಗರೂ ಆಗಿದ್ದರು.

ಸರಿ, ಕರಗಲಿಲ್ಲ ಏಕೆ?

ಕರಗಿತು! ಆದರೆ ಪೂರ್ತಿ ಕರಗಲಿಲ್ಲ. 1833ರ ಮೇ 12ರಂದು ‘ಟಸ್ಕನಿ’ ಎಂಬ ಹಡಗು ಸುಮಾರು 180 ಟನ್ ಐಸ್ ಹೊತ್ತು ಬಾಸ್ಟನ್ನಿನಿಂದ ಕಲ್ಕತ್ತೆಗೆ ಹೊರಟಿತು. ಸುಯೆಜ್ ಕಾಲುವೆ ಇನ್ನೂ ಇರಲಿಲ್ಲ. ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರ ಸುತ್ತಿ, ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ, ಸೆಪ್ಟೆಂಬರ್‌ನಲ್ಲಿ ಕಲ್ಕತ್ತೆ ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು.

ಇದರ ಗುಟ್ಟು ಮೂರು ಸಂಗತಿಗಳಲ್ಲಿದೆ. ಎಲ್ಲಕ್ಕಿಂತ ದೊಡ್ಡದು ಐಸಿನ ಸ್ವಭಾವ. 0 ಡಿಗ್ರಿಯ ಒಂದು ಕಿಲೋ ಐಸನ್ನು 0 ಡಿಗ್ರಿಯ ನೀರಾಗಿ ಮಾಡಲು ಬೇಕಾದ ಶಾಖದಲ್ಲಿ ಒಂದು ಕಿಲೋ ತಣ್ಣೀರನ್ನು 0ಯಿಂದ ಸುಮಾರು 80 ಡಿಗ್ರಿಯವರೆಗೆ ಕಾಯಿಸಬಹುದು. ಶಾಲೆಯಲ್ಲಿ ಇದನ್ನು ಗುಪ್ತೋಷ್ಣ ಎಂದು ಓದಿ ಮರೆತಿರುತ್ತೇವೆ. ಅಂದರೆ ಐಸ್ ಕರಗಲು ತುಂಬ ಹೊತ್ತು, ತುಂಬ ಶಾಖ ಬೇಕು.

ಎರಡನೆಯದು ರಾಶಿಯ ಗಾತ್ರ. ಶಾಖ ಒಳಗೆ ಬರುವುದು ಹೊರಮೈಯಿಂದ ಮಾತ್ರ. 3 ಸೆಂಟಿಮೀಟರ್ ಚೌಕದ ಫ್ರಿಜ್ ತುಂಡಿಗೆ ಹೋಲಿಸಿದರೆ 3 ಮೀಟರ್ ಅಳತೆಯ ರಾಶಿಯಲ್ಲಿ ಪ್ರತಿ ಕಿಲೋಗೆ ಸಿಗುವ ಹೊರಮೈ ನೂರರಲ್ಲಿ ಒಂದು ಪಾಲು. ಲೋಟದ ಐಸ್ ನೋಡನೋಡುತ್ತಲೇ ಮಾಯವಾಗುತ್ತದೆ, ಅಂಗಡಿಯ ದೊಡ್ಡ ಬಾರ್ ಸಂಜೆವರೆಗೆ ಇರುತ್ತದೆ. ಹಡಗಿನ ಹೊಟ್ಟೆಯಲ್ಲಿ ನೂರಾರು ಟನ್ ಒಟ್ಟಿಗಿದ್ದರೆ ಕೇಳಬೇಕೇ? ವೈಯತ್‌ನ ನೇಗಿಲು ಇಲ್ಲೇ ಕೆಲಸಕ್ಕೆ ಬಂದದ್ದು. ಒಂದೇ ಅಳತೆಯ ಗಡ್ಡೆಗಳನ್ನು ಸಂದಿಯಿಲ್ಲದೆ ಜೋಡಿಸಿದರೆ ಇಡೀ ಸರಕು ಒಂದೇ ಬಂಡೆಯಂತೆ ವರ್ತಿಸುತ್ತದೆ, ನಡುವೆ ಗಾಳಿ ಸುಳಿಯುವುದಿಲ್ಲ.

ಮೂರನೆಯದು ಮರದ ಹೊಟ್ಟು. ಹೊಟ್ಟಿಗೆ ತಂಪು ಕೊಡುವ ಗುಣವಿದೆ ಎಂದು ಹಲವರು ನಂಬಿದ್ದಾರೆ. ಅದಕ್ಕೆ ತಂಪೂ ಇಲ್ಲ, ಬಿಸಿಯೂ ಇಲ್ಲ. ಅದರ ಕಣಗಳ ನಡುವೆ ಸಿಕ್ಕಿಬಿದ್ದ ನಿಶ್ಚಲ ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ, ಅಷ್ಟೇ. ಚಳಿಯಲ್ಲಿ ಕಂಬಳಿ ನಮ್ಮ ಶಾಖವನ್ನು ಹೊರಗೆ ಬಿಡುವುದಿಲ್ಲ, ಇಲ್ಲಿ ಹೊಟ್ಟು ಹೊರಗಿನ ಶಾಖವನ್ನು ಒಳಗೆ ಬಿಡುವುದಿಲ್ಲ. ನಮ್ಮಲ್ಲಿ ಐಸ್ ಬಾರುಗಳನ್ನು ಹೊಟ್ಟಿನಲ್ಲಿ ಹುಗಿದು ಗೋಣಿಚೀಲ ಹೊದಿಸುವುದೂ ಇದೇ ಕಾರಣಕ್ಕೆ. ಹೊಟ್ಟು ಒದ್ದೆಯಾದರೆ ಗಾಳಿಯ ಜಾಗವನ್ನು ನೀರು ಹಿಡಿದು ಕೆಲಸ ಕೆಡುತ್ತದೆ. ಆದ್ದರಿಂದ ಕರಗಿದ ನೀರು ಬಸಿದು ಹೋಗಲು ದಾರಿ ಮಾಡುವುದೂ ಈ ಕಸುಬಿನ ಮುಖ್ಯ ಭಾಗವಾಗಿತ್ತು.

ನಾವೇ ಒಂದು ಸಣ್ಣ ಲೆಕ್ಕ ಮಾಡಿ ನೋಡಿದೆವು. ನಾಲ್ಕು ತಿಂಗಳಲ್ಲಿ 80 ಟನ್ ಕರಗಬೇಕಾದರೆ ಹಡಗಿನ ಹೊಟ್ಟೆಗೆ ಸರಾಸರಿ ಎರಡೂವರೆ ಕಿಲೋವಾಟ್‌ನಷ್ಟು ಶಾಖ ಸದಾ ನುಗ್ಗುತ್ತಿರಬೇಕು. ಬಚ್ಚಲುಮನೆಯ ಒಂದು ಗೀಸರ್‌ನಷ್ಟು! ಉಷ್ಣವಲಯದ ಬಿಸಿಲು, ಕಡಲು, ನಾಲ್ಕು ತಿಂಗಳು, ಇಷ್ಟೆಲ್ಲ ಸೇರಿ ಒಳಗೆ ಬಿಡಲು ಸಾಧ್ಯವಾದದ್ದು ಅಷ್ಟೇ ಎಂದರೆ ಹೊಟ್ಟಿನ ಮಹಿಮೆ ತಿಳಿಯುತ್ತದೆ.

ಇನ್ನು ಉಪ್ಪು. ಐಸಿಗೆ ಉಪ್ಪು ಹಾಕಿದರೆ ಅದು ಬೇಗ ಕರಗುತ್ತದೆ. ಹಾಗೆ ಕರಗುವಾಗ ಸುತ್ತಲಿನ ಶಾಖ ಹೀರಿ 0 ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ಮನೆಯಲ್ಲಿ ಕೈಯಿಂದ ತಿರುಗಿಸಿ ಐಸ್‌ಕ್ರೀಂ ಮಾಡುವಾಗ ಬೇಕಾಗುವುದು ಇದೇ. ಸಾಗಿಸಬೇಕಾದ ಸರಕಿಗೆ ಉಪ್ಪು ಸುರಿದಿದ್ದರೆ ಕಲ್ಕತ್ತೆಗೆ ಖಾಲಿ ಹಡಗು ಬರುತ್ತಿತ್ತು.

ಭಾರತಕ್ಕೆ ಬಂದ ಮೇಲೆ

ಕಲ್ಕತ್ತೆಯ ಬ್ರಿಟಿಷರು ಹಿಗ್ಗಿಹೋದರು. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಟ್ಯೂಡರ್‌ನ ಪ್ರತಿನಿಧಿಗೆ ಬೆಳ್ಳಿಯ ಬಟ್ಟಲು ಕೊಟ್ಟು ಗೌರವಿಸಿದ. ಐಸಿಗೆ ಸುಂಕವಿಲ್ಲ, ಬಿಸಿಲು ತಾಗದಂತೆ ರಾತ್ರಿಯೇ ಇಳಿಸಲು ಅಪ್ಪಣೆ. ಜನರಿಂದ ಚಂದಾ ಎತ್ತಿ ಐಸ್ ಮನೆ ಕಟ್ಟಲಾಯಿತು. ಮುಂದೆ ಬೊಂಬಾಯಿ, ಮದ್ರಾಸುಗಳಲ್ಲೂ ಇಂಥವು ಎದ್ದವು. 1834ರಲ್ಲಿ ಬೊಂಬಾಯಿಯ ವರ್ತಕ ಜಮ್ಸೆಟ್ಜಿ ಜೀಜೀಭಾಯ್ ತಮ್ಮ ಔತಣದಲ್ಲಿ ಐಸ್‌ಕ್ರೀಂ ಬಡಿಸಿದ್ದರಿಂದ ಅತಿಥಿಗಳಿಗೂ ಆತಿಥೇಯರಿಗೂ ನೆಗಡಿಯಾಯಿತೆಂದು ‘ಬಾಂಬೆ ಸಮಾಚಾರ್’ ಪತ್ರಿಕೆ ಬರೆದಿತ್ತು ಎನ್ನುವ ಕಥೆ ಇಂದಿಗೂ ಪ್ರಚಲಿತ. ನೆಗಡಿ ಬರುವುದು ವೈರಸ್‌ನಿಂದ, ಐಸ್‌ಕ್ರೀಮಿನಿಂದಲ್ಲ. ಆದರೆ ಆ ಅಪವಾದಕ್ಕೆ ಎಷ್ಟು ವಯಸ್ಸಾಗಿದೆ ನೋಡಿ.

ಅದಕ್ಕೂ ಮುಂಚೆ ನಮ್ಮಲ್ಲಿ ಐಸೇ ಇರಲಿಲ್ಲ ಎಂದುಕೊಳ್ಳಬೇಡಿ. ಅಕ್ಬರನ ಕಾಲದಲ್ಲಿ ಹಿಮಾಲಯದ ಕಡೆಯಿಂದ ಲಾಹೋರಿಗೆ ಐಸ್ ತರಿಸುತ್ತಿದ್ದುದನ್ನೂ ಪೆಟ್ಲುಪ್ಪಿನಿಂದ ನೀರು ತಣಿಸುತ್ತಿದ್ದುದನ್ನೂ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿದ್ದಾನೆ. ಅಲಹಾಬಾದಿನಲ್ಲಿ ಐಸ್ ಮಾಡುತ್ತಿದ್ದ ರೀತಿಯನ್ನು ರಾಬರ್ಟ್ ಬಾರ್ಕರ್ ಎಂಬ ಬ್ರಿಟಿಷ್ ಅಧಿಕಾರಿ 1775ರಲ್ಲಿ ವಿವರಿಸಿದ್ದಾನೆ. ಚಳಿಗಾಲದ ರಾತ್ರಿ, ಆಳವಿಲ್ಲದ ಗುಂಡಿಯಲ್ಲಿ ಒಣ ಕಬ್ಬಿನ ಇಲ್ಲವೇ ಮೆಕ್ಕೆಜೋಳದ ದಂಟು ಹಾಸಿ, ಅದರ ಮೇಲೆ ಮಣ್ಣಿನ ಸಣ್ಣ ತಟ್ಟೆಗಳಲ್ಲಿ ನೀರಿಡುವುದು. ಮೋಡವಿಲ್ಲದ ಆಕಾಶಕ್ಕೆ ನೀರು ತನ್ನ ಶಾಖವನ್ನು ಬಿಟ್ಟುಕೊಡುತ್ತದೆ, ಸ್ವಲ್ಪ ಆವಿಯೂ ಆಗುತ್ತದೆ, ಕೆಳಗಿನ ದಂಟು ನೆಲದ ಶಾಖ ತಾಗದಂತೆ ತಡೆಯುತ್ತದೆ. ಗಾಳಿ 0 ಡಿಗ್ರಿಗೆ ಇಳಿಯದಿದ್ದರೂ ಬೆಳಗಿನ ಜಾವಕ್ಕೆ ತಟ್ಟೆಯಲ್ಲಿ ತೆಳು ಐಸ್! ಬಂಗಾಳದ ಹೂಗ್ಲಿಯಲ್ಲೂ ಹೀಗೇ ಮಾಡುತ್ತಿದ್ದರು. ಆದರೆ ಆ ಐಸ್ ಕೆಸರಿನಂತೆ ಮೆತ್ತಗೆ, ಸಿಗುತ್ತಿದ್ದುದೂ ಕಡಿಮೆ. ಬಾಸ್ಟನ್ನಿನ ಗಾಜಿನಂಥ ಗಡ್ಡೆಯ ಮುಂದೆ ಅದು ನಿಲ್ಲಲಿಲ್ಲ.

ಮದ್ರಾಸಿನ ಐಸ್ ಮನೆ 1842ರಲ್ಲಿ ಆದದ್ದು. ಅದು ಇಂದಿಗೂ ಚೆನ್ನೈನ ಮರೀನಾ ಕಡಲತೀರದಲ್ಲಿದೆ. ವ್ಯಾಪಾರ ನಿಂತ ಮೇಲೆ ಬಿಳಿಗಿರಿ ಅಯ್ಯಂಗಾರ್ ಎಂಬ ವಕೀಲರು ಕೊಂಡು ಮನೆ ಮಾಡಿಕೊಂಡರು. 1897ರಲ್ಲಿ ಸ್ವಾಮಿ ವಿವೇಕಾನಂದರು ಅಮೆರಿಕದಿಂದ ಮರಳಿದಾಗ ತಂಗಿದ್ದು ಅಲ್ಲೇ. ಈಗ ಅದರ ಹೆಸರು ವಿವೇಕಾನಂದ ಇಲ್ಲಂ. ಸುತ್ತಲಿನ ಪ್ರದೇಶವನ್ನು ಜನ ಈಗಲೂ ಐಸ್ ಹೌಸ್ ಎಂದೇ ಕರೆಯುತ್ತಾರೆ.

ಆ ಐಸ್ ಶುದ್ಧವಾಗಿತ್ತೇ?

ನೋಡಲು ಶುದ್ಧವಾಗಿಯೇ ಇತ್ತು. ಮ್ಯಾಸಚೂಸೆಟ್ಸ್‌ನ ವೆನ್ಹಂ ಕೆರೆಯ ಗಡ್ಡೆಯೊಂದನ್ನು 1840ರ ದಶಕದಲ್ಲಿ ಲಂಡನ್ನಿನ ಅಂಗಡಿಯೊಂದರ ಕಿಟಕಿಯಲ್ಲಿಟ್ಟು, ಹಿಂದೆ ವೃತ್ತಪತ್ರಿಕೆ ಇರಿಸಿದ್ದರು. ದಾರಿಹೋಕರು ಐಸಿನ ಮೂಲಕವೇ ಸುದ್ದಿ ಓದುತ್ತಿದ್ದರು. ಆ ಹೆಸರು ಎಷ್ಟು ಮೇಲೆ ಬಂತೆಂದರೆ ನಾರ್ವೆಯಲ್ಲಿ ಒಂದು ಕೆರೆಗೇ ವೆನ್ಹಂ ಎಂದು ಮರುನಾಮಕರಣ ಮಾಡಿದರು. ನಕಲಿ ಬ್ರಾಂಡ್ ಹಾವಳಿ ಇಂದಿನದಲ್ಲ.

ಕೆರೆಯ ಐಸ್ ಅಷ್ಟು ತಿಳಿಯಾಗಿರಲು ಕಾರಣವಿದೆ. ಅದು ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿನಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ. ನೀರಿನಲ್ಲಿ ಕರಗಿದ ಗಾಳಿ, ಲವಣಗಳು ಕೆಳಗಿನ ನೀರಿಗೆ ತಳ್ಳಲ್ಪಡುತ್ತವೆ. ಇಂದಿನ ಐಸ್ ಫ್ಯಾಕ್ಟರಿಯಲ್ಲಿ ತಗಡಿನ ಡಬ್ಬಕ್ಕೆ ನೀರು ತುಂಬಿ ಅತಿ ತಣ್ಣನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಡುತ್ತಾರೆ. ಐಸ್ ಎಲ್ಲ ಬದಿಗಳಿಂದ ಒಳಮುಖವಾಗಿ ಗಟ್ಟಿಯಾಗುತ್ತದೆ. ಗಾಳಿಗೆ ಓಡಿಹೋಗಲು ಜಾಗವಿಲ್ಲದೆ ನಡುವೆ ಸಿಕ್ಕಿಕೊಂಡು ಬಿಳಿ ಪಟ್ಟೆ ಕಾಣುತ್ತದೆ. ಅದು ಅಮೋನಿಯಾ ಎಂದು ಹೆದರಿಸುವ ಫಾರ್ವರ್ಡ್‌ಗಳಿವೆ. ಅಮೋನಿಯಾ ಯಂತ್ರದ ಕೊಳವೆಗಳೊಳಗೆ ಸುತ್ತುವ ಅನಿಲ, ಐಸಿಗೆ ಬೆರೆಸುವ ವಸ್ತುವಲ್ಲ.

ತಿಳಿಯಾಗಿರುವುದು ಬೇರೆ, ಕ್ರಿಮಿ ಇಲ್ಲದಿರುವುದು ಬೇರೆ. 1887ರಲ್ಲಿ ನ್ಯೂಯಾರ್ಕಿನ ವೈದ್ಯ ಮಿಚೆಲ್ ಪ್ರಡನ್ ಟೈಫಾಯ್ಡ್ ಬ್ಯಾಕ್ಟೀರಿಯಾ ಇದ್ದ ನೀರನ್ನು ಹೆಪ್ಪುಗಟ್ಟಿಸಿ ದಿನಗಳ ಲೆಕ್ಕದಲ್ಲಿ ಪರೀಕ್ಷಿಸಿದರು. ಹೆಚ್ಚಿನವು ಸತ್ತವು, ನಿಜ. ಆದರೆ 103 ದಿನಗಳ ಬಳಿಕವೂ ಸಾವಿರಾರು ಬದುಕಿದ್ದವು. ಬಾಸ್ಟನ್ನಿನಿಂದ ಕಲ್ಕತ್ತೆಗೆ ಬರುವಷ್ಟು ಕಾಲ ಅದು! 1875ರಲ್ಲೇ ನ್ಯೂ ಹ್ಯಾಂಪ್‌ಷೈರ್‌ನ ರೈ ಬೀಚ್ ಎಂಬಲ್ಲಿ ಹೋಟೆಲಿನ ಅತಿಥಿಗಳಿಗೆ ಹೊಟ್ಟೆ ಕೆಟ್ಟದ್ದಕ್ಕೆ ಕೊಳೆತ ಹೊಂಡದಿಂದ ಕಡಿದ ಐಸ್ ಕಾರಣವೆಂದು ಕಂಡುಬಂದಿತ್ತು. 1902ರಲ್ಲಿ ನ್ಯೂಯಾರ್ಕ್ ರಾಜ್ಯದ ಆಗ್ಡೆನ್ಸ್‌ಬರ್ಗ್‌ನ ಆಸ್ಪತ್ರೆಯೊಂದರಲ್ಲಿ ಟೈಫಾಯ್ಡ್ ಹಬ್ಬಿತು. ಮೂಲ ಹುಡುಕಿದಾಗ ಸಿಕ್ಕಿದ್ದು ಊರಿನ ಚರಂಡಿ ಸೇರುವ ನದಿಯಿಂದ ಕಡಿದು ತಿಂಗಳುಗಟ್ಟಲೆ ಕೂಡಿಟ್ಟಿದ್ದ ಐಸ್.

ಶೀತ ಕ್ರಿಮಿಗಳ ಬೆಳವಣಿಗೆಯನ್ನು ನಿಲ್ಲಿಸುತ್ತದೆ, ಎಲ್ಲವನ್ನೂ ಕೊಲ್ಲುವುದಿಲ್ಲ. ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾಗಳನ್ನು ವರ್ಷಾನುಗಟ್ಟಲೆ ಜೀವಂತವಾಗಿ ಕಾಪಾಡಲು ಬಳಸುವುದೇ ಮೈನಸ್ 80 ಡಿಗ್ರಿಯ ಫ್ರೀಜರ್. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್‌ಗೂ ಐಸ್ ಲೆಕ್ಕಕ್ಕಿಲ್ಲ. ಊರುಗಳು ಬೆಳೆದು ಕೆರೆ, ನದಿಗಳಿಗೆ ಚರಂಡಿ ಸೇರತೊಡಗಿದಂತೆ ಅಮೆರಿಕದಲ್ಲೇ ಜನ ಯಂತ್ರದ ಐಸಿನತ್ತ ತಿರುಗಿದರು. ಭಾರತದಲ್ಲಿ 1870ರ ದಶಕದಲ್ಲೇ ಮದ್ರಾಸು, ಕಲ್ಕತ್ತೆಗಳಲ್ಲಿ ಐಸ್ ಫ್ಯಾಕ್ಟರಿಗಳು ಶುರುವಾಗಿ, ಬಾಸ್ಟನ್ ಹಡಗುಗಳು ಬರುವುದು ನಿಂತಿತು.

ಹಾಗೆಂದು ಯಂತ್ರದ ಐಸ್ ಎಲ್ಲವೂ ತಿನ್ನಲು ಯೋಗ್ಯ ಎಂದೂ ಅಲ್ಲ. ಅದು ಯಾವ ನೀರಿನದು ಎಂಬುದೇ ಪ್ರಶ್ನೆ. ಮಲ್ಪೆಯಂಥ ಬಂದರುಗಳಲ್ಲಿ ಮೀನು ಕೆಡದಂತಿಡಲು ಬಳಸುವ ಐಸ್ ಬಾಯಿಗೆ ಹಾಕಿಕೊಳ್ಳುವುದಕ್ಕಲ್ಲ. ಇಂಥ ಐಸ್ ಜ್ಯೂಸ್ ಲೋಟಕ್ಕೆ ಬೀಳದಿರಲೆಂದು ಭಾರತದ ಆಹಾರ ಸುರಕ್ಷತೆ ಪ್ರಾಧಿಕಾರ 2018ರಲ್ಲಿ ಒಂದು ನಿಯಮ ತಂದಿತು. ತಿನ್ನುವುದಕ್ಕಲ್ಲದ ಐಸಿಗೆ ತಿಳಿ ನೀಲಿ ಬಣ್ಣ ಬೆರೆಸಬೇಕು, ತಿನ್ನುವ ಐಸಿಗೆ ಬಣ್ಣವಿರಬಾರದು, ಅದನ್ನು ಕುಡಿಯುವ ನೀರಿನಿಂದಲೇ ಮಾಡಬೇಕು. ಆದ್ದರಿಂದ ಕಬ್ಬಿನ ಹಾಲಿನ ಗಾಡಿಯಲ್ಲಿ ನೀಲಿ ಛಾಯೆಯ ಐಸ್ ಕಂಡರೆ ಕುಡಿಯಬೇಡಿ. ಬಣ್ಣವಿಲ್ಲದ ಮಾತ್ರಕ್ಕೆ ಸ್ವಚ್ಛ ಎಂದೂ ಅಲ್ಲ. ನೆಲದ ಮೇಲೆ ಎಳೆದಾಡಿದ, ಕೊಳೆ ಗೋಣಿಯಲ್ಲಿ ಸುತ್ತಿದ ಬಾರನ್ನು ಒಡೆದು ಹಾಕುತ್ತಿದ್ದರೆ ಐಸ್ ಇಲ್ಲದೆ ಕೊಡಿ ಅನ್ನಿ. ಮನೆಯಲ್ಲಿ ಮಾಡುವಾಗ ಕುದಿಸಿ ಆರಿಸಿದ ನೀರನ್ನು, ತೊಳೆದ ಟ್ರೇಗೆ ಹಾಕಿ.